ಹಡಗಿಗಿಂತ ಮುಂಚೆ ಕಾಗದ ಬರಲಿ: ಪಣಂಬೂರಿಗೆ ಇಳಿಯುವ ಮಲ್ಲಂದೂರಿನವರಿಗೆ ಹನ್ನೊಂದು ಸೂತ್ರಗಳು

ಘಟ್ಟದ ಮೇಲಿನ ನಮ್ಮ ಮಲ್ಲಂದೂರಿನ ಯಾವ ಕಾಫಿ ತೋಟದ ಗೋದಾಮು ತೆರೆದರೂ ಮೂಲೆಯಲ್ಲಿ ಪೊಟ್ಯಾಷ್ ಚೀಲ ಸಿಗುತ್ತದೆ. ಯೂರಿಯಾ ಆದರೂ ದೇಶದೊಳಗೆ ತಯಾರಾಗುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ಗೆ ಮಾತ್ರ ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್ ಕಡೆಯ ಹಡಗನ್ನೇ ಕಾಯಬೇಕು. ಬರುವಾಗ ಅದಕ್ಕೆ ಚೀಲವೂ ಇಲ್ಲ, ಲೇಬಲ್ಲೂ ಇಲ್ಲ. ಹಡಗಿನ ಹೊಟ್ಟೆಯಲ್ಲಿ ಬರೀ ರಾಶಿ. ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಗ್ರಾಬ್ ಹಾಕಿ ಎತ್ತಿ, ಹಾಪರ್‌ಗೆ ಸುರಿದು, 50 ಕೆ.ಜಿ. ಚೀಲ ಕಟ್ಟಿ, ಲಾರಿಗೆ ಹೇರಿದ ಮೇಲೆ ಅದು ಘಟ್ಟ ಹತ್ತುತ್ತದೆ.

ಒಂದು ಕಾಲದಲ್ಲಿ ರಾಶಿ ಸರಕು ನಮ್ಮ ಜಿಲ್ಲೆಯಿಂದಲೇ ಕೆಳಗೆ ಇಳಿಯುತ್ತಿತ್ತು. ಕುದುರೆಮುಖದ ಅದಿರು ನೀರಿನಲ್ಲಿ ಕಲಸಿಕೊಂಡು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಹರಿಯುತ್ತಿತ್ತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಈಗ ಇಳಿಯುತ್ತಿರುವುದು ನಮ್ಮ ಹುಡುಗ ಹುಡುಗಿಯರು: ಕ್ಲಿಯರಿಂಗ್ ಏಜೆನ್ಸಿ, ಸ್ಟೀವಡೋರ್ ಕಚೇರಿ, ಸರ್ವೇಯರ್ ಕೈಕೆಳಗಿನ ಕೆಲಸಗಳಿಗೆ. ಈ ಸೂತ್ರಗಳು ಮುಖ್ಯವಾಗಿ ಅವರಿಗೆ. ಗೊಬ್ಬರ ಯಾಕೆ ತಡವಾಯಿತು ಎಂದು ಅಂಗಡಿಯವರನ್ನು ಬೈಯುವ ಬೆಳೆಗಾರರೂ ಓದಬಹುದು.

ಮುಖ್ಯ ಸಂಗತಿ ಇಷ್ಟೇ. ರಾಶಿ ಸರಕಿನಲ್ಲಿ ಎಣಿಸುವುದಕ್ಕೆ ಪೆಟ್ಟಿಗೆ ಇಲ್ಲ, ಗುರುತಿಸುವುದಕ್ಕೆ ಸೀಲ್ ಇಲ್ಲ. ಹಾಗಾಗಿ ಕಸ್ಟಮ್ಸ್ ಕಾನೂನು ಎರಡನ್ನೇ ಬಿಗಿಯಾಗಿ ಹಿಡಿದುಕೊಂಡಿದೆ: ಯಾವುದರ ನಂತರ ಯಾವುದು ಆಗಬೇಕು ಎಂಬ ಸರದಿ, ಮತ್ತು ನೆಲ ಮುಟ್ಟಿದಾಗಿನ ತೂಕ.

1. ಪಟ್ಟಿಯಲ್ಲಿ ಇಲ್ಲದ್ದು ಇಳಿಯುವುದಿಲ್ಲ

ಹಡಗು ಬರುವ ಮುಂಚೆಯೇ ಅದರ ಏಜೆಂಟರು ಸರಕಿನ ಪಟ್ಟಿಯನ್ನು ಕಸ್ಟಮ್ಸ್‌ಗೆ ಸಲ್ಲಿಸಬೇಕು. 1962ರ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 30 ಇದನ್ನು ಹೇಳುತ್ತದೆ. ಕಾಯ್ದೆಯಲ್ಲಿ ಈಗ ಅರೈವಲ್ ಮ್ಯಾನಿಫೆಸ್ಟ್ ಎಂದಿದ್ದರೂ ಧಕ್ಕೆಯಲ್ಲಿ ಎಲ್ಲರ ಬಾಯಲ್ಲೂ ಐಜಿಎಂ. ಸಕಾರಣವಿಲ್ಲದೆ ತಡ ಮಾಡಿದರೆ 50,000 ರೂಪಾಯಿವರೆಗೆ ದಂಡ. ಪಟ್ಟಿಯಲ್ಲಿ ನಮೂದಾಗದ ಸರಕನ್ನು ಅಧಿಕಾರಿಯ ಅನುಮತಿ ಇಲ್ಲದೆ ಇಳಿಸಬಾರದು ಎನ್ನುವುದು ಸೆಕ್ಷನ್ 32.

ಪಟ್ಟಿ ಹಾಕುವುದು ಹಡಗಿನವರ ಕೆಲಸ, ನಮಗೇನು ಎಂದು ಆಮದುದಾರರ ಕಡೆಯವರು ಕೈಕಟ್ಟಿ ಕೂರುವುದು ಮಾಮೂಲು. ಬಿಲ್ ಆಫ್ ಲೇಡಿಂಗ್ (ಸರಕು ಹೇರಿಕೊಂಡದ್ದಕ್ಕೆ ಹಡಗಿನವರು ಕೊಡುವ ರಸೀದಿ) ಸಂಖ್ಯೆ, ಸರಕು ಯಾರ ಹೆಸರಿಗೆ ಬಂದಿದೆ, ಟನ್ ಎಷ್ಟು, ಸರಕಿನ ವಿವರಣೆ ಏನು: ಈ ನಾಲ್ಕನ್ನು ನಿಮ್ಮ ಕಾಗದದ ಜೊತೆ ಇಟ್ಟು ನೋಡಿ. ಮೋಸದ ಉದ್ದೇಶ ಇಲ್ಲವೆಂದು ಕಂಡರೆ ಪಟ್ಟಿಯನ್ನು ತಿದ್ದಲು ಅಧಿಕಾರಿ ಬಿಡುತ್ತಾರೆ. ಆದರೆ ಹಡಗು ಧಕ್ಕೆಗೆ ಕಟ್ಟಿದ ಮೇಲೆ ತಿದ್ದಲು ಓಡಾಡುವ ಪ್ರತಿ ಗಂಟೆಗೂ ಯಾರದೋ ಹಣ ಹೋಗುತ್ತಿರುತ್ತದೆ.

2. ಎಂಟ್ರಿ ಇನ್‌ವರ್ಡ್ ಆಗದೆ ಹ್ಯಾಚ್‌ನತ್ತ ಗ್ರಾಬ್ ಒಯ್ಯಬೇಡಿ

ಹಡಗು ಬಂದರೊಳಗೆ ಬಂದ ಮಾತ್ರಕ್ಕೆ ಸರಕು ಇಳಿಸುವ ಹಕ್ಕು ಬರುವುದಿಲ್ಲ. ಸೆಕ್ಷನ್ 31ರ ಪ್ರಕಾರ ಅಧಿಕಾರಿ ಎಂಟ್ರಿ ಇನ್‌ವರ್ಡ್ ಆದೇಶ ಕೊಡಬೇಕು. ಮ್ಯಾನಿಫೆಸ್ಟ್ ಸಲ್ಲಿಸದೆ ಆ ಆದೇಶ ಸಾಮಾನ್ಯವಾಗಿ ಸಿಗದು. ಪ್ರಯಾಣಿಕರ ಮತ್ತು ಸಿಬ್ಬಂದಿಯ ಸಾಮಾನು, ಅಂಚೆ ಚೀಲ, ಪ್ರಾಣಿಗಳು, ಬೇಗ ಕೆಡುವ ವಸ್ತು, ಅಪಾಯಕಾರಿ ವಸ್ತು: ಇವಕ್ಕೆ ವಿನಾಯಿತಿ ಇದೆ. ಪೊಟ್ಯಾಷ್‌ಗೆ, ಕಲ್ಲಿದ್ದಲಿಗೆ ಇಲ್ಲ.

ಈ ಆದೇಶದ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಸುಂಕದ ದರವೂ ಅದಕ್ಕೆ ತಗುಲಿಕೊಂಡಿದೆ. ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದು ಸರಕಿನ ಸುಂಕದ ಕಾಗದವನ್ನು, ಮುಂಗಡವಾಗಿ ಸಲ್ಲಿಸಿದ್ದರೆ, ಅದು ಎಂಟ್ರಿ ಇನ್‌ವರ್ಡ್ ದಿನವೇ ಸಲ್ಲಿಕೆಯಾಯಿತೆಂದು ಸೆಕ್ಷನ್ 15 ಭಾವಿಸುತ್ತದೆ. ಜನವರಿ 25ಕ್ಕೆ ಕಾಗದ ಹಾಕಿದ್ದೀರಿ, ಬಜೆಟ್‌ನಲ್ಲಿ ದರ ಏರಿ ಫೆಬ್ರವರಿ 2ರಿಂದ ಜಾರಿಗೆ ಬಂತು, ನಿಮ್ಮ ಹಡಗಿಗೆ ಎಂಟ್ರಿ ಸಿಕ್ಕಿದ್ದು 3ಕ್ಕೆ ಅಂತಿಟ್ಟುಕೊಳ್ಳಿ. ಕಟ್ಟಬೇಕಾದ್ದು ಹೊಸ ದರ. ಡಾಲರ್ ಲೆಕ್ಕ ಮಾತ್ರ ಹಾಗಲ್ಲ. ವಿನಿಮಯ ದರಕ್ಕೆ ನೀವು ಬಿಲ್ ಸಲ್ಲಿಸಿದ ದಿನವೇ ದಿನ. ಒಂದೇ ಕಾಗದಕ್ಕೆ ಎರಡು ತಾರೀಖು! ಹೊಸಬರು ಎಡವುವುದು ಇಲ್ಲೇ. ಅರ್ಥ ಮಾಡಿಕೊಂಡವರನ್ನು ಮಾಲೀಕರು ಮೀಟಿಂಗ್‌ಗೆ ಕರೆಯತೊಡಗುತ್ತಾರೆ.

3. ಬಿಲ್ ಆಫ್ ಎಂಟ್ರಿ ಹಿಂದಿನ ದಿನವೇ

2021ರ ತಿದ್ದುಪಡಿಯ ನಂತರ ನಿಯಮ ಹೀಗಿದೆ: ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ, ಅದು ರಜಾದಿನವೇ ಆಗಿರಲಿ, ಬಿಲ್ ಸಲ್ಲಿಕೆಯಾಗಬೇಕು. ಹಡಗು ಬರುವ 30 ದಿನ ಮುಂಚಿನಿಂದಲೂ ಸಲ್ಲಿಸಬಹುದು. ಕೆಲವು ನೆರೆದೇಶಗಳಿಂದ ಬರುವ ಸರಕಿಗೆ ಸ್ವಲ್ಪ ಸಡಿಲಿಕೆ ಇದೆ, ಅಷ್ಟೇ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಐದು ದಿನ ತಡ ಮಾಡಿದರೆ 35,000. ಅದೂ ಒಂದು ಬಿಲ್‌ಗೆ. ಒಂದೇ ಹಡಗಿನಲ್ಲಿ ನಾಲ್ಕು ಪಾರ್ಟಿಗಳ ಸರಕು ಇದ್ದು, ನಾಲ್ಕೂ ನಿಮ್ಮ ಏಜೆನ್ಸಿಯ ಕೈಯಲ್ಲಿದ್ದರೆ ನೀವೇ ಗುಣಿಸಿಕೊಳ್ಳಿ.

ಸುಂಕವನ್ನೂ ಹಿಡಿದಿಟ್ಟುಕೊಳ್ಳಬೇಡಿ. ಸ್ವಯಂ ಲೆಕ್ಕ ಹಾಕಿದ ಬಿಲ್‌ಗೆ ಸಲ್ಲಿಸಿದ ದಿನವೇ ಕಟ್ಟಬೇಕು. ಮೀರಿದರೆ ವಾರ್ಷಿಕ ಶೇ. 15 ಬಡ್ಡಿ.

4. ಎಲ್ಲಿ ಬೇಕಾದರಲ್ಲಿ ಇಳಿಸುವ ಕಾಲ ಹೋಯಿತು

ನವ ಮಂಗಳೂರು ಬಂದರು 1974ರಲ್ಲಿ ಪ್ರಧಾನ ಬಂದರಾಗಿ ಘೋಷಣೆಯಾಯಿತು. ಅದಕ್ಕೆ ಮುಂಚೆ ದೊಡ್ಡ ಹಡಗುಗಳು ಮಂಗಳೂರಿನ ಹಳೇ ಬಂದರಿನಾಚೆ ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ನಮ್ಮ ಬೆಟ್ಟದ ಕಾಫಿ ದೋಣಿಯಲ್ಲಿ ಹೋಗಿ ಹಡಗು ಹತ್ತಬೇಕಿತ್ತು. ಅಂಥ ದೋಣಿ ಸಾಗಣೆಗೆ ಇಂದಿಗೂ ಸೆಕ್ಷನ್ 35ರಲ್ಲಿ ಜಾಗ ಇದೆ: ಸರಕಿನ ಜೊತೆ ಬೋಟ್ ನೋಟ್ ಇರಬೇಕು. ಧಕ್ಕೆಗೆ ಬರಲು ಆಗದಷ್ಟು ಆಳದ ಹಡಗಿನಿಂದ ಬಾರ್ಜ್‌ಗೆ ಇಳಿಸುವಾಗ ಇದು ಕೆಲಸಕ್ಕೆ ಬರುತ್ತದೆ.

ಉಳಿದಂತೆ, ಅನುಮೋದಿತ ಜಾಗದಲ್ಲಿ ಮಾತ್ರ ಇಳಿಸಬೇಕು. ಪಕ್ಕದ ಜೆಟ್ಟಿ ಖಾಲಿ ಇದೆ ಎಂದು ನೀವಾಗಿ ತೀರ್ಮಾನಿಸಬೇಡಿ.

5. ಅಧಿಕಾರಿಯ ಸಮಯವನ್ನೂ ಮುಂಗಡ ಕೇಳಿ

ಸೆಕ್ಷನ್ 34 ಪ್ರಕಾರ ಇಳಿಸುವುದು ಕಸ್ಟಮ್ಸ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ. ರಜೆ ದಿನ, ಕಚೇರಿ ವೇಳೆ ಮುಗಿದ ಮೇಲೆ ಇಳಿಸಬೇಕಾದರೆ ಮುಂಚಿತ ನೋಟಿಸ್ ಕೊಟ್ಟು ಶುಲ್ಕ ಕಟ್ಟಬೇಕು ಎನ್ನುತ್ತದೆ ಸೆಕ್ಷನ್ 36. ದಿನದ 24 ಗಂಟೆ ಕಸ್ಟಮ್ಸ್ ಸೇವೆ ಇರುವ ಕಡೆ ಈ ಶುಲ್ಕದ ಲೆಕ್ಕ ಬೇರೆ. ನಿಮ್ಮ ಸರಕಿಗೆ ಏನು ಅನ್ವಯ ಎಂದು ಶುಕ್ರವಾರವೇ ವಿಚಾರಿಸಿ. ಶನಿವಾರ ರಾತ್ರಿ ಹ್ಯಾಚ್ ತೆರೆದಿಟ್ಟುಕೊಂಡು ಫೋನ್ ಮಾಡುವವರನ್ನು ಯಾರೂ ಇಷ್ಟಪಡುವುದಿಲ್ಲ.

6. ತೂಕ ಎಲ್ಲಿ, ಯಾವಾಗ, ಯಾರ ಎದುರು

ಈ ಸೂತ್ರ ಉಳಿದೆಲ್ಲಕ್ಕಿಂತ ದೊಡ್ಡದು, ಸ್ವಲ್ಪ ನಿಧಾನವಾಗಿ ಓದಿ.

ತೋಟದಲ್ಲಿ ತೂಗಿ ಕಳಿಸಿದ ಪಾರ್ಚ್‌ಮೆಂಟ್ ಕ್ಯೂರಿಂಗ್ ವರ್ಕ್ಸ್ ಕಾಟಾದಲ್ಲಿ ಕಡಿಮೆ ಬಂದಾಗ ಏನಾಗುತ್ತದೆಂದು ನಮ್ಮೂರಿನ ರೈಟರನ್ನು ಕೇಳಬೇಕಾಗಿಲ್ಲ. ತೇವ ಎಷ್ಟಿತ್ತು, ದಾರಿಯಲ್ಲಿ ಎಷ್ಟು ಉದುರಿತು, ಯಾವ ಕಾಟಾ ಸರಿ ಎಂಬ ವಾದ ಶುರುವಾಗುತ್ತದೆ. ಹಡಗಿನಲ್ಲೂ ಅದೇ ವಾದ, ಆದರೆ ಸಾವಿರಾರು ಟನ್‌ಗಳಲ್ಲಿ. ಹೇರುವ ಬಂದರಿನಲ್ಲಿ ಬರೆದ ಬಿಲ್ ಆಫ್ ಲೇಡಿಂಗ್ ಒಂದು ತೂಕ ಹೇಳುತ್ತದೆ. ಪಣಂಬೂರಿನಲ್ಲಿ ಮಾಡಿದ ಡ್ರಾಫ್ಟ್ ಸರ್ವೇ ಇನ್ನೊಂದು ಹೇಳುತ್ತದೆ. ಗೇಟಿನ ವೇಬ್ರಿಡ್ಜ್‌ನಲ್ಲಿ ಲಾರಿ ಲಾರಿ ಕೂಡಿಸಿದರೆ ಮೂರನೆಯದು ಬರುತ್ತದೆ.

ಡ್ರಾಫ್ಟ್ ಸರ್ವೇ ಎಂದರೆ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ನೋಡಿ ತೂಕ ಕಂಡುಹಿಡಿಯುವುದು. ಮುಂದೆ, ನಡುವೆ, ಹಿಂದೆ, ಎರಡೂ ಮಗ್ಗುಲಲ್ಲಿ, ಹೀಗೆ ಆರು ಕಡೆ ಗುರುತು ಓದುತ್ತಾರೆ. ಇಳಿಸುವ ಮುಂಚೆ ಒಮ್ಮೆ, ಇಳಿಸಿದ ಮೇಲೆ ಒಮ್ಮೆ. ಹಡಗಿನ ಇಂಧನ, ಸಿಹಿನೀರು, ಬ್ಯಾಲಸ್ಟ್ ನೀರು ಇವನ್ನೆಲ್ಲ ಕಳೆದು ಉಳಿದದ್ದು ಸರಕು. ಮಳೆಗಾಲದಲ್ಲಿ ನೀರು ತೊಯ್ದಾಡುತ್ತಿದ್ದರೆ ಗುರುತು ಓದುವುದೇ ಕಷ್ಟ. ಅದಕ್ಕಿಂತ ಮೋಸದ ಜಾಗ ನೀರಿನ ಸಾಂದ್ರತೆ. ಸಮುದ್ರದ ನೀರು ಸಾಮಾನ್ಯವಾಗಿ 1.025. ಬಂದರಿನ ನೀರನ್ನು ಹೈಡ್ರೋಮೀಟರಿನಲ್ಲಿ ಅಳೆಯದೆ, ರೂಢಿಯಂತೆ ಅದನ್ನೇ ಬರೆದುಬಿಟ್ಟರು, ನಿಜವಾಗಿ ಅಲ್ಲಿದ್ದದ್ದು 1.020 ಎನ್ನಿ. 40,000 ಟನ್ ನೀರು ಸರಿಸಿ ನಿಂತ ಹಡಗಿನಲ್ಲಿ ಆ ಒಂದು ಓದಿನಿಂದಲೇ ಸುಮಾರು 195 ಟನ್ ವ್ಯತ್ಯಾಸ. ಗೊಬ್ಬರದ ಲೆಕ್ಕದಲ್ಲಿ 3,900 ಚೀಲ! ಸರ್ವೇಯರ್ ನೀರಿನ ಮಾದರಿ ತೆಗೆಯುವಾಗ ಹತ್ತಿರ ನಿಂತು ನೋಡಿ. ಯಾರೂ ಬೇಡ ಅನ್ನುವುದಿಲ್ಲ.

ಇನ್ನು, ಯಾವ ತೂಕಕ್ಕೆ ಸುಂಕ? ಈ ಪ್ರಶ್ನೆಗೆ ದೇಶಕ್ಕೇ ಉತ್ತರ ಸಿಕ್ಕಿದ್ದು ನಮ್ಮ ಮಂಗಳೂರಿನ ಪ್ರಕರಣದಿಂದ. ಮಂಗಳೂರು ರಿಫೈನರಿ ಮತ್ತು ಪೆಟ್ರೋಕೆಮಿಕಲ್ಸ್, ಅಂದರೆ ಎಂಆರ್‌ಪಿಎಲ್, ತರಿಸಿದ ಕಚ್ಚಾ ತೈಲದಲ್ಲಿ ಬಿಲ್ ಆಫ್ ಲೇಡಿಂಗ್ ಹೇಳಿದಷ್ಟು ದಡದ ಟ್ಯಾಂಕಿಗೆ ಬರುತ್ತಿರಲಿಲ್ಲ. ಸಮುದ್ರದಲ್ಲಿ ಒಂದಿಷ್ಟು ಕಳೆದುಹೋಗುವುದು ಸಹಜ. ಇಲಾಖೆ ಮಾತ್ರ ಕಾಗದದಲ್ಲಿದ್ದ ಪ್ರಮಾಣಕ್ಕೇ ಸುಂಕ ಕೇಳಿತು. ಹಣ ಪೂರ್ತಿ ಕೊಟ್ಟಿದ್ದೀರಿ, ಸುಂಕ ಮೌಲ್ಯದ ಮೇಲೆ, ಆದ್ದರಿಂದ ಪೂರ್ತಿಗೆ ಕಟ್ಟಿ ಎಂಬ ವಾದ. 2015ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಭಾರತದ ದಡದ ಟ್ಯಾಂಕಿಗೆ ನಿಜವಾಗಿ ಬಂದಷ್ಟಕ್ಕೇ ಸುಂಕ ಎಂದಿತು. ಮರುವರ್ಷ ಜುಲೈ 26ರಂದು ಕೇಂದ್ರದ ಕಸ್ಟಮ್ಸ್ ಮಂಡಳಿ ಸುತ್ತೋಲೆ 34/2016 ಹೊರಡಿಸಿ, ದ್ರವ ರೂಪದ ರಾಶಿ ಸರಕಿಗೆಲ್ಲ ದಡದ ಟ್ಯಾಂಕಿನ ಅಳತೆಯೇ ಆಧಾರ ಎಂದು ಹೇಳಿತು. ದಡದ ಟ್ಯಾಂಕಿಲ್ಲದೆ ನೇರ ಕಾರ್ಖಾನೆಗೆ ಪಂಪ್ ಮಾಡುವ ಕಡೆ ಹಡಗಿನ ಟ್ಯಾಂಕಿನ ಅಳತೆ.

ಗಟ್ಟಿ ಸರಕಿಗೆ ಟ್ಯಾಂಕ್ ಎಲ್ಲಿಂದ ಬರಬೇಕು? ಅದಕ್ಕೇ ಡ್ರಾಫ್ಟ್ ಸರ್ವೇ ವರದಿ, ವೇಬ್ರಿಡ್ಜ್ ಚೀಟಿ, ಇಳಿದದ್ದೆಷ್ಟು ಎಂದು ಹೇಳುವ ಬಂದರಿನ ಔಟ್‌ಟರ್ನ್ ರಿಪೋರ್ಟ್ ಮೂರನ್ನೂ ಒಂದೇ ಫೈಲಿನಲ್ಲಿಡಿ. ಪಟ್ಟಿಯಲ್ಲಿದ್ದದ್ದಕ್ಕಿಂತ ಕಡಿಮೆ ಇಳಿದು, ಅದಕ್ಕೆ ಒಪ್ಪುವಂಥ ಕಾರಣ ಕೊಡದಿದ್ದರೆ, ಸೆಕ್ಷನ್ 116ರ ಪ್ರಕಾರ ಆ ಕೊರತೆಯ ಸರಕಿಗೆ ಬರಬೇಕಿದ್ದ ಸುಂಕದ ಎರಡರಷ್ಟರವರೆಗೆ ದಂಡ ಹಾಕಬಹುದು. ದಂಡ ಬೀಳುವುದು ಹಡಗಿನ ಮುಖ್ಯಸ್ಥನ ಮೇಲೆ. ಕ್ಯಾಪ್ಟನ್ ಆ ಹೊತ್ತಿಗೆ ಸಿಂಗಾಪುರ ದಾಟಿರುತ್ತಾರೆ. ನೋಟಿಸ್ ಬರುವುದು ಇಲ್ಲಿರುವ ಏಜೆಂಟರ ಟೇಬಲ್‌ಗೆ.

7. ಡೆಮರೇಜ್‌ಗೂ ಸುಂಕ ಇದೆ ಎಂಬುದು ನೆನಪಿರಲಿ

ಹಿಂದೆ ಸರಕಿನ ಮೌಲ್ಯಕ್ಕೆ ಇಳಿಸುವ ಖರ್ಚೆಂದು ಶೇ. 1 ಕಣ್ಣುಮುಚ್ಚಿ ಸೇರಿಸುತ್ತಿದ್ದರು. ಬೆಂಗಳೂರಿನ ವಿಪ್ರೋ ಕಂಪನಿ ಇದನ್ನು ಪ್ರಶ್ನಿಸಿ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. 2017ರಲ್ಲಿ ಮೌಲ್ಯಮಾಪನ ನಿಯಮದಿಂದಲೇ ಅದು ಹೋಯಿತು. ಹೋಗದೆ ಉಳಿದದ್ದು ಬೇರೆ. ಬಾಡಿಗೆಗೆ ಗೊತ್ತು ಮಾಡಿದ ಹಡಗಿನ ಡೆಮರೇಜ್, ಬಾರ್ಜ್ ಬಾಡಿಗೆ ಸಾಗಣೆ ವೆಚ್ಚದೊಳಗೆ ಸೇರುತ್ತವೆ ಎಂದು ನಿಯಮ 10ರ ವಿವರಣೆಯಲ್ಲಿದೆ. ಅಂದರೆ ಹಡಗನ್ನು ಕಾಯಿಸಿದ್ದಕ್ಕೆ ಮಾಲೀಕರಿಗೆ ಒಮ್ಮೆ ಕೊಡಬೇಕು, ಆ ಹಣ ಸೇರಿ ಮೌಲ್ಯ ಏರಿದ್ದಕ್ಕೆ ಸರ್ಕಾರಕ್ಕೆ ಇನ್ನೊಮ್ಮೆ. ಡೆಮರೇಜ್ ಲೆಕ್ಕ ಇತ್ಯರ್ಥವಾಗಲು ತಿಂಗಳು ಹಿಡಿಯುವುದರಿಂದ ಸೆಕ್ಷನ್ 18ರಡಿ ಬಾಂಡ್ ಕೊಟ್ಟು ತಾತ್ಕಾಲಿಕ ಮೌಲ್ಯಮಾಪನ ಕೇಳಿ, ಆಮೇಲೆ ಅಂತಿಮಗೊಳಿಸುವುದನ್ನು ಮರೆಯಬೇಡಿ. ಅಂತಿಮಗೊಳ್ಳದ ಬಾಂಡ್‌ಗಳು ಕಪಾಟಿನಲ್ಲಿ ಕೂತಿರುವ ಕಚೇರಿ ಯಾವತ್ತೂ ನೆಮ್ಮದಿಯಾಗಿರದು.

8. ಮಳೆಯ ಗಂಟೆಗಳನ್ನು ಬರೆದಿಡಿ

ಪೊಟ್ಯಾಷ್ ನೀರು ಕುಡಿದರೆ ಕಲ್ಲಾಗುತ್ತದೆ. ಮೋಡ ಕಟ್ಟಿದ ಕೂಡಲೇ ಹ್ಯಾಚ್ ಮುಚ್ಚಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಣಂಬೂರಿನಲ್ಲಿ ಇದು ದಿನಕ್ಕೆಷ್ಟು ಸಲ ಎಂದು ಹೇಳುವುದೇ ಬೇಡ. ಆಗುಂಬೆ ಮಳೆ ಕಂಡವರಿಗೂ ಕರಾವಳಿಯ ಮಳೆಯ ಹಟ ಹೊಸದು. ಹಡಗಿನ ಒಪ್ಪಂದದಲ್ಲಿ ಕೆಲಸ ಮಾಡಲಾಗುವ ಹವೆಯ ಸಮಯ ಮಾತ್ರ ಲೆಕ್ಕಕ್ಕೆ ಎಂದಿದ್ದರೆ, ಮಳೆಗೆ ನಿಂತ ಗಂಟೆಗಳು ನಿಮ್ಮ ಪಾಲಿಗೆ ಉಳಿತಾಯ. ಆದರೆ ಅದನ್ನು ಹಡಗಿನ ಕೆಲಸದ ಸಮಯ ಬರೆದಿಡುವ ದಾಖಲೆಯಾದ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ಬರೆದಿದ್ದರೆ ಮಾತ್ರ. ಹ್ಯಾಚ್ ಮುಚ್ಚಿದ್ದು ಎಷ್ಟಕ್ಕೆ, ತೆರೆದದ್ದು ಎಷ್ಟಕ್ಕೆ, ಗ್ರಾಬ್ ಕೆಟ್ಟದ್ದು ಎಷ್ಟು ಹೊತ್ತು, ಲಾರಿ ಇಲ್ಲದೆ ನಿಂತದ್ದು ಎಷ್ಟು ಹೊತ್ತು, ಎಲ್ಲವೂ ನಿಮಿಷದ ಸಮೇತ. ಹಿಂದಿನ ಸೂತ್ರ ಓದಿದವರಿಗೆ ಇದಕ್ಕೂ ಸುಂಕಕ್ಕೂ ಇರುವ ನಂಟು ಹೊಳೆದಿರಬೇಕು.

9. ರಾಶಿಗೆ ಯಾರು ಕಾವಲು?

ಹಡಗಿನಿಂದ ಇಳಿದ ಸರಕು ಕ್ಲಿಯರ್ ಆಗುವವರೆಗೆ ಸೆಕ್ಷನ್ 45ರ ಪ್ರಕಾರ ಅನುಮೋದಿತ ಕಸ್ಟೋಡಿಯನ್ ವಶದಲ್ಲಿರಬೇಕು. ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಒಂದು ಬುಟ್ಟಿಯೂ ಆಚೆ ಹೋಗಬಾರದು. ಅವರ ವಶದಲ್ಲಿದ್ದಾಗ ಕಳುವಾದರೆ ಸುಂಕ ಅವರ ತಲೆಗೆ.

ರಾಶಿ ಕರಗುತ್ತದೆ ಎನ್ನುವುದು ಕರ್ನಾಟಕಕ್ಕೆ ಬೇಲೆಕೇರಿಯಿಂದ ಗೊತ್ತು. 2010ರಲ್ಲಿ ಅಂಕೋಲಾ ಬಳಿಯ ಆ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು, ಜಪ್ತಿಯಲ್ಲಿರುವಾಗಲೇ ಹಡಗು ಹತ್ತಿ ಹೋಯಿತು. ಲೋಕಾಯುಕ್ತ ತನಿಖೆ, ಸಿಬಿಐ, ಕೋರ್ಟು ಎಂದು ಆ ಕಥೆ ವರ್ಷಗಟ್ಟಲೆ ನಡೆಯಿತು. ಅದು ರಫ್ತಿನ ಕಡೆಯ, ಬೇರೆಯೇ ಮಟ್ಟದ ವ್ಯವಹಾರ, ಒಪ್ಪುತ್ತೇನೆ. ಆದರೂ ನಿಮ್ಮ ಪಾರ್ಟಿಯ ರಾಶಿಯ ಪಕ್ಕದಲ್ಲೇ ಇನ್ನೊಬ್ಬರ ರಾಶಿ ಬಿದ್ದಾಗ ನಡುವೆ ಜಾಗ ಬಿಡಿಸಿ, ಫೋಟೊ ತೆಗೆಯಿರಿ, ನೆಲಕ್ಕೆ ಚೆಲ್ಲಿದ್ದನ್ನು ಗುಡಿಸಿ ಕಟ್ಟಿದ ಚೀಲಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸ್ ಕೊಟ್ಟು, ಅಧಿಕಾರಿಯ ಅನುಮತಿ ಪಡೆದು ಮಾರಲು ಸೆಕ್ಷನ್ 48 ಅವಕಾಶ ಕೊಟ್ಟಿದೆ. ಹಣದ ಅಡಚಣೆ ಇದ್ದರೆ ಬಾಂಡೆಡ್ ಗೋದಾಮಿನ ದಾರಿ ಹಿಡಿಯಿರಿ, ರಾಶಿಯನ್ನು ಧಕ್ಕೆಯಲ್ಲೇ ಬಿಟ್ಟು ಕಣ್ಮರೆಯಾಗಬೇಡಿ.

10. ಬೆಳೆಗಾರರಿಗೆ: ಹಡಗು ತರಿಸುವ ಯೋಚನೆ ಬೇಡ, ತಾರೀಖು ಕೇಳಿ

ಇಪ್ಪತ್ತು ತೋಟದವರು ಸೇರಿ ನೇರ ಆಮದು ಮಾಡಿದರೆ ಅಗ್ಗ ಅಲ್ಲವೇ ಎಂಬ ಮಾತು ಬೆಳೆಗಾರರ ಸಭೆಗಳಲ್ಲಿ ಏಳುತ್ತದೆ. ನನ್ನ ಅಭಿಪ್ರಾಯ: ಬೇಡ. ಗೊಬ್ಬರ ಮಾರಲು, ಹಂಚಲು 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಪರವಾನಗಿ ಬೇಕು. ಬಂದ ಸರಕಿನ ಮಾದರಿ ತೆಗೆದು ಪರೀಕ್ಷಿಸುತ್ತಾರೆ; ಪೊಟ್ಯಾಷ್ ಆದರೆ ಶೇ. 60 ಅಂಶ ಇರಲೇಬೇಕು. 2010ರಿಂದ ಜಾರಿಯಲ್ಲಿರುವ ಪೋಷಕಾಂಶ ಆಧಾರಿತ ಸಬ್ಸಿಡಿ ಹೋಗುವುದು ಯೋಜನೆಯೊಳಗಿನ ಕಂಪನಿಗಳಿಗೆ. ಆ ಸಬ್ಸಿಡಿ ಇಲ್ಲದ ಪೊಟ್ಯಾಷ್ ಅಂಗಡಿಯದಕ್ಕಿಂತ ದುಬಾರಿಯಾಗಿ ಮನೆ ಸೇರೀತು. ನಡುಸಮುದ್ರದಲ್ಲಿದ್ದಾಗಲೇ ಸರಕು ಕೊಳ್ಳುವ ಹೈ ಸೀ ಸೇಲ್ ಕೂಡ ಸುಲಭವಲ್ಲ. ಕೊಂಡವರ ಹೆಸರಿನಲ್ಲೇ ಬಿಲ್ ಆಫ್ ಎಂಟ್ರಿ ಹೋಗಬೇಕು, ಕೊನೆಯ ಮಾರಾಟದ ಬೆಲೆಗೇ ಸುಂಕ.

ನೀವು ಮಾಡಬಹುದಾದ್ದು ಬೇರೆ. ಕಾಫಿಗೆ ಗೊಬ್ಬರ ಹಾಕುವ ಹೊತ್ತುಗಳು ಗೊತ್ತೇ ಇವೆ: ಹೂಮಳೆಗೆ ಮುಂಚೆ, ಹೂವಾದ ಮೇಲೆ ಮೇ ಹೊತ್ತಿಗೆ, ಆಗಸ್ಟ್‌ನ ಮಳೆ ಬಿಡುವಿನಲ್ಲಿ, ಮಳೆ ಹಿಂದಾದ ಮೇಲೆ ಅಕ್ಟೋಬರ್‌ನಲ್ಲಿ. ಡೀಲರನ್ನು ಕೇಳುವಾಗ ಸ್ಟಾಕ್ ಇದೆಯಾ ಎನ್ನಬೇಡಿ. ಹಡಗು ಯಾವಾಗ ಧಕ್ಕೆಗೆ ಬರುತ್ತದೆ, ಔಟ್ ಆಫ್ ಚಾರ್ಜ್ (ಕಸ್ಟಮ್ಸ್ ಬಿಡುಗಡೆ) ಆಯಿತಾ, ಚೀಲ ಕಟ್ಟಲು ಶುರುವಾಯಿತಾ ಎಂದು ಕೇಳಿ. ಆಗಸ್ಟ್ ಗೊಬ್ಬರಕ್ಕೆ ಜುಲೈಯಲ್ಲಿ ಇಳಿಯುವ ಹಡಗನ್ನು ನಂಬಿ ಕೂತರೆ ಧಕ್ಕೆಯಲ್ಲೂ ಮಳೆ, ಘಟ್ಟದಲ್ಲೂ ಮಳೆ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಭಾರಿ ಲಾರಿಗೆ ನಿರ್ಬಂಧ ಬಿದ್ದರೆ ಶಿರಾಡಿ ಸುತ್ತಿ ಬರಬೇಕು. ಶಿರಾಡಿಯೂ ಕುಸಿದ ವರ್ಷಗಳಿವೆ.

11. ಕಾರ್ಡ್ ಮೇಲೇರಿಸಿಕೊಳ್ಳಿ, ತುಳು ಕಲಿಯಿರಿ

ಕ್ಲಿಯರಿಂಗ್ ಏಜೆನ್ಸಿಗಳು ನಡೆಯುವುದು 2018ರ ಕಸ್ಟಮ್ಸ್ ಬ್ರೋಕರ್ಸ್ ಲೈಸೆನ್ಸಿಂಗ್ ನಿಯಮಗಳ ಅಡಿ. ಪರೀಕ್ಷೆ ಬರೆಯದ ನೌಕರನಿಗೆ ಎಚ್ ಕಾರ್ಡ್, ಪರೀಕ್ಷೆ ಪಾಸಾದವನಿಗೆ ಜಿ ಕಾರ್ಡ್, ಸ್ವಂತ ಲೈಸೆನ್ಸಿಗೆ ಬೇಕಾದ ಪರೀಕ್ಷೆ ಮುಗಿಸಿದವನಿಗೆ ಎಫ್ ಕಾರ್ಡ್. ಎಚ್ ಕಾರ್ಡ್‌ನಲ್ಲೇ ಹತ್ತು ವರ್ಷ ಕಳೆದು ಫೈಲ್ ಹೊರುತ್ತಿರುವವರು ಪಣಂಬೂರಿನಲ್ಲಿ ಕಡಿಮೆ ಏನಿಲ್ಲ. ಸಂಬಳದ ಅಂತರ ಇರುವುದು ಈ ಮೂರು ಅಕ್ಷರಗಳಲ್ಲೇ. ಕಾಯ್ದೆಯಲ್ಲಿ ನಿಮಗೆ ದಿನಾ ಬೇಕಾಗುವುದು 29ರಿಂದ 49ರವರೆಗಿನ ಸೆಕ್ಷನ್‌ಗಳು. ಕೆಲವೇ ಪುಟ, ಮಳೆಗಾಲದ ಒಂದು ಭಾನುವಾರಕ್ಕೆ ಮುಗಿಯುತ್ತದೆ.

ಇನ್ನು ತುಳು. ಕಚೇರಿಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಸಾಕು. ರಾತ್ರಿ ಎರಡು ಗಂಟೆಗೆ ಹಾಪರ್ ಕಟ್ಟಿಕೊಂಡು ಲಾರಿ ಸಾಲು ಗೇಟಿನಾಚೆ ಬೆಳೆದಾಗ, ಕ್ರೇನ್ ಆಪರೇಟರ್‌ಗೆ, ಟ್ಯಾಲಿ ಕ್ಲರ್ಕ್‌ಗೆ, ವೇಬ್ರಿಡ್ಜ್‌ನವರಿಗೆ ಮಾತು ನಾಟುವುದು ತುಳುವಿನಲ್ಲಿ, ಇಲ್ಲವೇ ಬ್ಯಾರಿ ಭಾಷೆಯಲ್ಲಿ. ಮಲ್ಲಂದೂರಿನ ಕನ್ನಡದಲ್ಲಿ ಎಷ್ಟು ನಯವಾಗಿ ಹೇಳಿದರೂ ನೀವು ಘಟ್ಟದವರೇ. ಶುರುವಿಗೆ ‘ಎಂಚ ಉಲ್ಲರ್’ ಸಾಕು, ಉಳಿದದ್ದನ್ನು ಅವರೇ ನಕ್ಕು ಕಲಿಸಿಕೊಡುತ್ತಾರೆ.